ರುಚಿ ನೋಡುವವರು

ಅದೇ ಚಮಚ, ತುಟಿಯೊಳಗಿಂದ ಬಂದದ್ದು, ಮತ್ತೆ ಸಾರಿನೊಳಗೆ, ಹಬೆಯಲ್ಲಿ ಒಮ್ಮೆ ಹೊಳೆದು ಮುಳುಗಿತು — ಉಪ್ಪು ಕಡಿಮಿ ಆಗ್ಯದ ನೋಡಬೇ ಕರೆಮ್ಮಾ, ಇನ್ನೊಂದು ಹಿಡಿ ಹಾಕು, ಅನ್ನುತ್ತಾರೆ ಪ್ರಿಯದರ್ಶಿನಿ ಟೀಚರು, ದಿನಾ ಅನ್ನುತ್ತಾರೆ, ಬಿಸಿಯೂಟವನ್ನು ಮಕ್ಕಳಿಗಿಂತ ಮೊದಲು ಟೀಚರು ರುಚಿ ನೋಡಬೇಕು, ಅದು ನಿಯಮ, ಆದರೆ ಉಪ್ಪು ಸಾಕಷ್ಟಿದೆ, ಸತ್ತಿರುವುದು ಅವರ ನಾಲಿಗೆ, ನನಗೆ ಗೊತ್ತು, ಮೊನ್ನೆಯವರೆಗೆ ಇದೇ ಒಲೆಯ ಮುಂದೆ ಅಡುಗೆ ಮಾಡುತ್ತಿದ್ದ ಅವ್ವನ ನಾಲಿಗೆಯೂ ಮನೆಯಲ್ಲಿ ಹಾಗೇ ಸತ್ತಿದೆ, ಇಬ್ಬರಿಗೂ ಎದೆಯ ಕ್ಯಾನ್ಸರ್, ರಾಯಚೂರಿನ ಆಸ್ಪತ್ರೆಯಲ್ಲಿ ಇಬ್ಬರ ನರಕ್ಕೂ ಅದೇ ಕೆಂಪು ಕಿಮೊ ಔಷಧಿ ಇಳಿಯಿತು, ಆಮೇಲೆ ಟೀಚರು ಶಕ್ತಿನಗರದ ಇಂಜಿನಿಯರ್ ಗಂಡನ ಕಾರಿನಲ್ಲಿ ಮಲಗಿ ಮನೆಗೆ, ನಾವು ಪೋತ್ನಾಳದ ಬಸ್ಸಿನಲ್ಲಿ, ಮಾನ್ವಿ ಬರುವುದರೊಳಗೆ ಅವ್ವ ಕಿಟಕಿಗೆ ವಾಂತಿ, ಏನವ್ವಾ, ನಿಮ್ಮಾಕಿ ಕುಡದು ಬಂದಾಳೇನು, ಅಂತ ಕಂಡಕ್ಟರ್, ಬಸ್ಸೆಲ್ಲ ನಕ್ಕಿತು, ಆ ನಗುವಿನ ವಾಸನೆ ಇನ್ನೂ ನನ್ನ ಸೆರಗಿನಲ್ಲಿದೆ, ತೊಳೆದರೂ ಹೋಗುವುದಿಲ್ಲ. ಕೊನೆಯ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಡಾಕ್ಟರು ಹೇಳಿದರು, ಇದು ಮುಟ್ಟಿದರೆ ಬರೋದಲ್ಲ, ಇನ್ನು ಕೆಲಸಕ್ಕೆ ಹೋಗ್ರಿ, ಟೀಚರು ಅವ್ವನ ಕೈ ಹಿಡಿದುಕೊಂಡು ತಿಮ್ಮವ್ವಾ, ಇಬ್ರೂ ಕೂಡೇ ಸಾಲಿಗೆ ಹೋಗೂಣು ಅಂದರು, ಅತ್ತರು ಕೂಡ. ಸಂಬಳದ ರಜೆ ಮುಗಿಸಿ ಟೀಚರು ಬಂದ ದಿನ ಮಕ್ಕಳ ಕೈಲಿ ಗುಲಾಬಿ ಕೊಡಿಸಿದರು, ಕುರ್ಚಿಗೆ ದಿಂಬು ಹಾಕಿದರು, ಅವ್ವ ಬಂದ ದಿನ ಹೆಡ್‌ಮಾಸ್ತರ್ ಪ್ರಭುರಾಜ ಸರ್ ಗೇಟು ತೆಗೆಯಲೇ ಇಲ್ಲ, ನಂದೇನಿಲ್ಲವ್ವಾ, ಊರ ಮಂದಿ ಅಂಜತಾರ, ನಿನ್ನ ಕೈಲೆ ಮಾಡಿದ್ದು ಹುಡುಗ್ರು ಉಣ್ಣಂಗಿಲ್ಲ, ಸದ್ಯ ಮಗಳನ್ನ ಕಳಿಸು.

ನಾನು ಬಂದೆ, ಏಳನೆಯ ಇಯತ್ತೆಗೆ ಓದು ಬಿಟ್ಟ ಇದೇ ಶಾಲೆ, ಆಗಲೂ ಬಾಯಿ ಬಿಟ್ಟವಳಲ್ಲ, ಈಗ ಒಲೆಯ ಮುಂದೆ ನಿಂತು ಎಲ್ಲ ನೋಡುತ್ತೇನೆ, ಜೊತೆಯ ಅಡುಗೆಯವಳು ಯಂಕಮ್ಮ ನಾನು ಮುಟ್ಟಿದ ಸೌಟನ್ನು ಮಣ್ಣುಹಚ್ಚಿ ತೊಳೆಯುತ್ತಾಳೆ, ಸಿಟ್ಟಾಗಬ್ಯಾಡಬೇ, ನೀನೂ ಅದಾ ಮನಿಯಾಕಿ ಅಲ್ಲೇನು, ಅನ್ನುತ್ತಾಳೆ, ಹಲ್ಲಿನಲ್ಲಿ ತಂಬಾಕು, ಥೂ. ಅವ್ವ ಆದರೆ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕುತ್ತಿದ್ದಳು, ಬೋಗುಣಿಗೆ ಎಂಜಲು ತಾಕಬಾರದು, ಊರ ಮಕ್ಕಳು ಉಣ್ಣೂದು ಅನ್ನುತ್ತಿದ್ದಳು. ದೇವದುರ್ಗದ ಅಂಜಿನೇಯ ಮಾವ ಫೋನು ಮಾಡಿದ್ದ, ಅಕ್ಕನ್ನ ಇಲ್ಲಿಗೆ ಕಳಿಸು, ಹತ್ತಿ ಬಿಡಿಸಲಿ, ಹತ್ತಿಗೆ ಯಾರ ರೋಗನೂ ಕಾಣಂಗಿಲ್ಲ — ಇಡೀ ದಿನ ಬಿಸಿಲಿಗೆ ಎದೆ ಕೊಯ್ದ ಕಡೆಯ ಅವಳ ಕೈ ಬಾತು ನಿಲ್ಲುತ್ತದೆ ಮಾವ, ಇಲ್ಲಿ ಒಲೆಯ ಮುಂದಾದರೆ ಕೂತು ಮಾಡಬಲ್ಲಳು, ಎತ್ತುವುದಕ್ಕೆ ನಾನಿದ್ದೇನೆ. ಬೆಳಿಗ್ಗೆ ಅವ್ವ ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತ, ನನ್ನ ಮತ್ತ ಕೆಲಸಕ್ಕ ಕರಕೋತಾರೇನಂತ ಇವತ್ತರ ಕೇಳಬೇ, ಬಾಯಾಗ ಏನ್ ಇಟಗೊಂಡಿ, ಸುಮ್ನ ಕುಂತು ಉಣ್ಣಾಕ ನನಗ ಬರಂಗಿಲ್ಲ. ಕೇಳುತ್ತೇನೆ ಅಂದಿದ್ದೇನೆ. ಸರ್ ಬಾಗಿಲಲ್ಲಿ ನಿಂತಿದ್ದಾರೆ, ಮೂಗಿಗೆ ಕರ್ಚೀಫು, ಕರೆಮ್ಮಾ, ಅಡಗಿಯವರ ಪಟ್ಟಿಯಾಗ ನಿಮ್ಮವ್ವನ ಹೆಸರು ತಗದು ನಿಂದಾ ಹಾಕ್ತೀನಿ, ಹೂಂ ಅನ್ನು, ಮುಗೀತು. ಟೀಚರು ನನ್ನ ಕಡೆ ನೋಡುತ್ತಿಲ್ಲ, ಅವರು ಹೇಳುತ್ತಾರೆ, ಈಗ ಹೇಳುತ್ತಾರೆ, ಕೈ ಹಿಡಿದವರಲ್ಲವೆ, ಇಲ್ಲ, ಚಮಚ ನೆಕ್ಕುತ್ತಿದ್ದಾರೆ, ಅಷ್ಟರಲ್ಲಿ ಯಾರದೋ ದನಿ, ನನ್ನದೇ — ಟೀಚರಿಗೂ ಅದಾ ರೋಗ ಅಲ್ಲೇನ್ರಿ ಸರ್? ಯಂಕಮ್ಮ ಕೈಯ ಸೌಟು ಬಿಟ್ಟಳು. ಸರ್ ನಕ್ಕರು, ಹುಚ್ಚಿ, ಅವ್ರೇನು ಅಡಗಿ ಮುಟ್ತಾರೇನು? ಟೀಚರ ಕಿವಿ ಕೆಂಪಾಯಿತು, ತುಟಿ ಅಲುಗಿತು, ಉಪ್ಪು ಇನ್ನೊಂಚೂರು ಬೇಕ ನೋಡು ಅಂದರು, ಮತ್ತೆ ರುಚಿ ನೋಡಲೆಂದು ಕೈ ಚಾಚಿದರು, ಚಮಚದ ತುದಿಯಲ್ಲಿ ಜೊಲ್ಲಿನ ಸಣ್ಣ ಎಳೆ, ಹರಿಯದೆ ಜೋತಾಡುತ್ತಿದೆ, ಹೊರಗೆ ಮಕ್ಕಳು ತಟ್ಟೆ ಬಡಿಯುತ್ತಿದ್ದಾರೆ, ಚಮಚ ಸಾರಿಗೆ ಇಳಿಯುತ್ತಿದೆ, ಅದೇ ಚಮಚ