ಮಸೂತಿಯ ಹುಲ್ಲಿನ ಹದ

ಸೀತನಿ, ಅಂದರೆ ಹೊಲದಲ್ಲೇ ಸುಟ್ಟ ಎಳೆ ಜೋಳದ ಕಾಳು, ತಿನ್ನಲು ಸಂಗಮೇಶ ಕರೆದಾಗ ನಾನು ಬರುವುದಿಲ್ಲ ಎಂದೆ. ಮಶಾಕಸಾಬ ಮಾಸ್ತರ ಹೋಗೋಣ ಎಂದ.

"ಕರದಾನ, ಹೋಗೂಣು. ಅವನ ಬಾಯಿಂದ ಒಂದು ಮಾತು ಕೇಳೂದೈತಿ ನನಗ."

ಯಾವ ಮಾತೆಂದು ನನಗೆ ಗೊತ್ತಿತ್ತು. ಅದು ಆ ಬಾಯಿಂದ ಬರುವುದಿಲ್ಲವೆಂದೂ ಗೊತ್ತಿತ್ತು. ಆದರೆ ಮಾಸ್ತರನ ಜೊತೆ ವಾದಿಸಿ ಗೆದ್ದವರು ಯಾರಿದ್ದಾರೆ? ಕಾರು ತೆಗೆದೆ.

ನಾವು ಮೂವರೂ ವಿಮಾನ ಹಾರಿಸುವವರು. ನಗಬೇಡಿ. ಇಬ್ಬರು ಕೂಡುವ, ಬಟ್ಟೆ ರೆಕ್ಕೆಯ ಪುಟ್ಟ ವಿಮಾನ, ಮೂವರೂ ಸೇರಿ ಕೊಂಡದ್ದು. ನಾನು ಅನಿಲ, ಇಂಡಿಯ ಲಿಂಬೆ ತೋಟದವನು. ಮಶಾಕಸಾಬ ಸಿಂದಗಿಯಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಸಂಗಮೇಶನದು ಮಸೂತಿ ಎಂಬ ಹಳ್ಳಿಯಲ್ಲಿ ಹೊಲಮನೆ. ಒಂದೇ ಕ್ಲಬ್ಬಿನಲ್ಲಿ ಕಲಿತೆವು. ಅಲ್ಲಿನ ಉಳಿದವರಿಗೆಲ್ಲ ಡಾಂಬರಿನ ರನ್‌ವೇ ಬೇಕು, ನಮಗೆ ಹುಲ್ಲೇ ಬೇಕು. ಡಾಂಬರಿನ ಮೇಲೆ ಇಳಿಯುವುದೂ ಒಂದೇ, ಬಸ್ಸಿನಿಂದ ಇಳಿಯುವುದೂ ಒಂದೇ. ಹುಲ್ಲಿನ ಮೇಲಾದರೆ ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ, ಗಾಲಿ ತಾಗಿದ್ದೇ ತಿಳಿಯುವುದಿಲ್ಲ.

ವಿಮಾನ ಇರುತ್ತಿದ್ದದ್ದು ನನ್ನ ಮಡ್ಡಿಯ ತಗಡಿನ ಶೆಡ್ಡಿನಲ್ಲಿ. ಮಡ್ಡಿಯೆಂದರೆ ಬರೀ ಕಲ್ಲು, ಅಲ್ಲಿಂದ ಏಳಬಹುದು, ಇಳಿಯುವ ಸುಖವಿಲ್ಲ. ಸುಖ ಇದ್ದದ್ದು ಮಸೂತಿಯಲ್ಲಿ. ಸಂಗಮೇಶನ ದನ ಮೇಯುವ ಕರಿ ಮಣ್ಣಿನ ಎರೆ ಹೊಲದಲ್ಲಿ ಬಿರುಕುಗಳಿಗೆ ಗರಸು ಮಣ್ಣು ತುಂಬಿ, ರೋಲರ್ ಎಳೆದು, ಹುಲ್ಲು ಸವರಿ ಉದ್ದನೆಯ ಪಟ್ಟಿ ಮಾಡಿದ್ದೆವು. ಭಾನುವಾರ ಹಾರಿ ಹೋದರೆ ಅವನ ತಾಯಿ ಶಂಕ್ರೆವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಕಾಯುತ್ತಿದ್ದಳು. ರೆಕ್ಕೆಯ ನೆರಳಿನಲ್ಲಿ ಕೂತು ಉಂಡ ಆ ಊಟದಂಥ ಊಟ ನಾನು ನನ್ನ ಮದುವೆಯಲ್ಲೂ ಉಂಡಿಲ್ಲ.

ಹೊರಡುವ ಮುಂಚೆ ಫೋನು ಮಾಡುವುದು ಪದ್ಧತಿ. ಎರೆ ಮಣ್ಣು ನೆನೆದರೆ ಎಮ್ಮೆಯ ಕಾಲನ್ನೂ ಬಿಡುವುದಿಲ್ಲ. "ಹದಾ ಐತೇನು?" ಎಂದು ನಾವು ಕೇಳಬೇಕು. ಸಂಗಮೇಶ ಪಟ್ಟಿಗೆ ಹೋಗಿ ಹಿಮ್ಮಡಿಯಿಂದ ಗುದ್ದಿ ನೋಡಿ "ಹದಾ ಐತಿ, ಬರ್ರಿ" ಎನ್ನಬೇಕು. ಊರಿನ ರೈತನಿಗೆ ಹದವೆಂದರೆ ಬಿತ್ತಲಿಕ್ಕೆ ಬೇಕಾದ ತೇವ. ನಮ್ಮ ಮೂವರಿಗೆ ಮಾತ್ರ ಹದವೆಂದರೆ ಗಾಲಿ ತಾಳುವ ಗಟ್ಟಿ ನೆಲ. ಆ ಅರ್ಥ ಹುಟ್ಟಿಸಿದವನೂ ಸಂಗಮೇಶನೇ. "ಸುಡ್ಲಿ ನಿಮ್ಮ ಹದಾ, ಕಲ್ಲಿನಂಥಾ ನೆಲಕ್ಕ ಹದಾ ಅಂತಾರೇನೋ?" ಎಂದು ಶಂಕ್ರೆವ್ವ ಬೈದು ನಗುತ್ತಿದ್ದಳು.

ಆಮೇಲೆ ಅವನ ಹೊಲದ ಮಗ್ಗುಲಿಗೆ ಕಾಲುವೆ ಬಂತು. ಸಂಗಮೇಶ ಹಾರಲು ಬರುವುದನ್ನು ಬಿಟ್ಟ. ಕೇಳಿದರೆ "ಬರೂ ವಾರ ಬರ್ತೇನಿ" ಎನ್ನುತ್ತಿದ್ದ. ಅವನ ಹೊಲ, ಅವನ ನೀರು, ಬೇಕಾದ್ದು ಬೆಳೆದುಕೊಳ್ಳಲಿ. ಆದರೆ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಿದ್ದರೆ ಮಾಸ್ತರ ಅವನಿಗೊಂದು ಕೈ ಮುಗಿದು ಬೇರೆ ಹುಲ್ಲು ಹುಡುಕುತ್ತಿದ್ದ.

ದಸರೆಗೆ ಮುಂಚಿನ ಒಂದು ಭಾನುವಾರ ಫೋನು ಮಾಡಿದೆ. ಮಳೆ ನಿಂತು ಬಹಳ ದಿನವಾಗಿತ್ತು.

"ಸಂಗಣ್ಣ, ಹದಾ ಐತೇನು?"

"ಚಲೋ ಹದಾ ಐತಿ," ಎಂದ. ಹಿಂದೆ ಟ್ರ್ಯಾಕ್ಟರಿನ ಸದ್ದಿತ್ತು. ಅಷ್ಟಕ್ಕೇ ಫೋನು ಇಟ್ಟ.

ಮಶಾಕಸಾಬ ಮುಂದೆ ಕೂತು ಹಾರಿಸಿದ, ನಾನು ಹಿಂದೆ. ದನಗಿನ ಇವೆಯೋ ಎಂದು ಪಟ್ಟಿಯ ಮೇಲೆ ಒಂದು ಸುತ್ತು ಹಾಕಿದೆವು. ಎಂದೂ ಇಲ್ಲದಷ್ಟು ಹಸಿರಾಗಿತ್ತು.

"ಅನಿಲ್ಯಾ, ಈ ಸಲ ಹುಲ್ಲು ಏನ್ ಚಂದ ಬಂದೈತಿ ನೋಡೋ," ಎಂದ ಮಾಸ್ತರ.

ಆ ಖುಷಿಯ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಇಳಿದೆವು. ಮುಂದಿನ ಗಾಲಿ ಹುಲ್ಲಿನ ಕೆಳಗಿನ ಕೆಸರಿನಲ್ಲಿ ಹೂತಿತು, ವಿಮಾನ ಮೂಗು ಊರಿ ಬೋರಲು ಬಿತ್ತು. ನನ್ನ ಹೆಗಲಿನ ಎಲುಬು ಮುರಿಯಿತು. ಮಶಾಕಸಾಬನ ಬೆನ್ನು ಮುರಿಯಿತು.

ಆಮೇಲೆ ಗೊತ್ತಾಯಿತು. ನಮ್ಮ ಪಟ್ಟಿಯನ್ನು ಉತ್ತು ಜೋಳ ಬಿತ್ತಬೇಕೆಂದು, ನೇಗಿಲು ಇಳಿಯಲೆಂದು, ಸಂಗಮೇಶ ಹುಲ್ಲಿನ ಬುಡಕ್ಕೆ ಕಾಲುವೆ ನೀರು ಹಾಯಿಸಿದ್ದ. ಆಸ್ಪತ್ರೆಗೆ ಬಂದವನು ಮಂಚದ ಹತ್ತಿರ ನಿಂತು ಹೇಳಿದ್ದು ಇಷ್ಟೇ: "ಹದಾ ಐತಿ ಅಂದ್ನಿ. ಹದಾ ಇತ್ತು. ನಾ ಏನ್ ಸುಳ್ಳ ಹೇಳೇನಿ?"

ಭಾನುವಾರ ಬೆಳಿಗ್ಗೆ ಫೋನು ಹಚ್ಚಿ ನಾನು ಇವನ ಬಿತ್ತನೆ ವಿಚಾರಿಸುತ್ತೇನೆಯೇ? ಆದರೆ ಊರೆಲ್ಲ ಅವನ ಮಾತಿಗೆ ತಲೆಯಾಡಿಸಿತು. ಮಸೂತಿಯ ಯಾರನ್ನು ಕೇಳಿದರೂ ಹದವೆಂದರೆ ಅದೇ. ನೀರು ಹಾಯಿಸುವ ಗಡಿಬಿಡಿಯಲ್ಲಿ ಬಾಯಿ ತಪ್ಪಿ ಬಂದ ಮಾತು ಎಂದು ಮಶಾಕಸಾಬ ನಂಬಿದ್ದ. ಅವನ ಎಡಗಾಲು ಇನ್ನು ವಿಮಾನದ ಪೆಡಲ್ ಒತ್ತುವುದಿಲ್ಲ. ಕೋಲು ಹಿಡಿದು ಸಾಲೆಗೆ ಹೋಗುತ್ತಾನೆ, ಪಾಠ ಹೇಳುತ್ತಾನೆ, ಹಾರುವುದು ಮಾತ್ರ ಈ ಜನ್ಮಕ್ಕೆ ಮುಗಿಯಿತು. ಅದಕ್ಕೆ ಬದಲಾಗಿ ಅವನು ಕೇಳಿದ್ದು ಏನು? "ನಿಮಗ ಹೇಳದ ನೀರ ಬಿಟ್ಟೆ, ತಪ್ಪಾತು" ಎನ್ನುವ ಒಂದು ಮಾತು. ಅದನ್ನು ಕೇಳಲಿಕ್ಕೇ ಈಗ ಸೀತನಿಗೆ ಹೊರಟಿದ್ದ.

ಜೋಳ ಆಳೆತ್ತರ ನಿಂತಿತ್ತು. ಬದುವಿನ ಹತ್ತಿರ ಕಂಬಳಿ ಹಾಸಿ, ಸಗಣಿ ಕುಳ್ಳಿನ ಕೆಂಡದಲ್ಲಿ ಸಂಗಮೇಶ ಎಳೆ ತೆನೆ ಸುಡುತ್ತಿದ್ದ. ಶಂಕ್ರೆವ್ವ ಮಾಸ್ತರನ ಕೋಲು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಸಂಗ್ಯಾ, ಮಾಸ್ತರಗ ಏನರ ಮಾತಾಡೋ."

"ಏನ್ ಮಾತಾಡ್ಲಿ ಬೇ? ಬೆಳಿ ಹೆಂಗ್ ಬಂದೈತಿ, ಅವರ ಕಣ್ಣಿಗೇ ಕಾಣಾಕತ್ತೈತಿ."

ಮಶಾಕಸಾಬ ಕೋಲು ಮಗ್ಗುಲಿಗಿಟ್ಟು ಕಷ್ಟಪಟ್ಟು ಕೂತ. "ಸಂಗಣ್ಣ, ಅವತ್ತು ಫೋನಿನ್ಯಾಗ ಯಾವ ಹದಾ ಹೇಳಿದಿ? ನಮ್ಮದೋ, ಊರಿಂದೋ?"

ಸಂಗಮೇಶ ತೆನೆ ಹೊರಳಿಸುವುದನ್ನು ನಿಲ್ಲಿಸಲಿಲ್ಲ. "ಹದಾ ಅಂದ್ರ ಹದಾ ರೀ ಮಾಸ್ತರ. ಅದರಾಗ ಎರಡ ಇರ್ತಾವೇನು?"

ಇಷ್ಟು ವರ್ಷ ಏಕವಚನದಲ್ಲಿ ಕರೆಯುತ್ತಿದ್ದವನು ಅವತ್ತು ರೀ ಹಚ್ಚಿದ. ಎದ್ದು ಕೊರಳಪಟ್ಟಿ ಹಿಡಿಯಬೇಕೆನಿಸಿತು ನನಗೆ. ಮಾಸ್ತರ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ.

ಮಾತಿನ ಭರದಲ್ಲಿ ಆ ತೆನೆ ಕರಕಲಾಗಿತ್ತು. ಸಂಗಮೇಶ ನೋಡದೆಯೇ ಅದನ್ನು ಉಜ್ಜಿ, ಕಾಳು ಬಿಡಿಸಿ, ಮೊದಲ ಹಿಡಿಯನ್ನು ಮಾಸ್ತರನ ಅಂಗೈಗೆ ಹಾಕಿದ. ಅತಿಥಿ ತಿಂದು ಚಲೋ ಅಂದ ಮೇಲೇ ಮನೆಯವರು ತಿನ್ನುವುದು.

"ಹೆಂಗ್ ಅದಾವ್ರಿ?"

ಮಾಸ್ತರ ನಿಧಾನವಾಗಿ ಅಗಿದ. ಮುಖ ಒಂದಿಷ್ಟೂ ಕಹಿ ಮಾಡಲಿಲ್ಲ. "ಚಲೋ ಹದಾ ಅದಾವು," ಎಂದ.

ಸಂಗಮೇಶನ ಮುಖ ಅರಳಿತು. ಉಳಿದ ಹಿಡಿಯನ್ನು ತನ್ನ ಬಾಯಿಗೆ ಒಗೆದುಕೊಂಡ. ಮರುಕ್ಷಣ ಕೆಮ್ಮಿ, ಕರಿ ಮಸಿಯನ್ನೆಲ್ಲ ಬದುವಿನ ಮೇಲೆ ಉಗುಳಿದ.

"ಹೊತ್ತಿ ಹೋಗ್ಯಾವಲ್ರಿ ಮಾಸ್ತರ. ಹದಾ ಅಂದ್ರಿ?"

"ನನ್ನ ಬಾಯಿಗೆ ಹದಾನ ಅದಾವು," ಎಂದ ಮಶಾಕಸಾಬ. "ನಾ ಏನ್ ಸುಳ್ಳ ಹೇಳೇನಿ?"

ಸಂಗಮೇಶ ಬಾಯಿ ಒರೆಸಿಕೊಂಡು ನೆಲ ನೋಡಿದ. ಆಗಲಾದರೂ ಹೇಳಬಹುದಿತ್ತು. ಅವನು ಇನ್ನೊಂದು ತೆನೆ ಎತ್ತಿ ಕೆಂಡಕ್ಕೆ ಇಟ್ಟ.

ನಾವು ಎದ್ದೆವು. ಕಾರಿನ ತನಕ ಜೋಳದ ನಡುವಿನ ದಾರಿ ನಮ್ಮ ಪಟ್ಟಿಯ ಮೇಲೆಯೇ ಹೋಗುತ್ತಿತ್ತು. ಹಿಂದಿನ ದಿನ ನೀರು ಬಿಟ್ಟಿದ್ದರು. ಮಾಸ್ತರ ಊರಿದಲ್ಲೆಲ್ಲ ಕೋಲು ಹೂತುಹೋಗುತ್ತಿತ್ತು, ಪ್ರತಿ ಹೆಜ್ಜೆಗೂ ನಾನು ಬಗ್ಗಿ ಅದನ್ನು ಕಿತ್ತು ಅವನ ಕೈಗೆ ಕೊಡಬೇಕಾಯಿತು.