ಬಿಸಿ ಸೂಜಿ

ನಮ್ಮ ಅಕ್ಕ ದುರಗಮ್ಮನ ಬಲಗೈ ಹಾಳಾದದ್ದು ನನ್ನಿಂದ. ಒಲೆಯ ಮೇಲೆ ಕುದಿಯುತ್ತಿದ್ದ ಎಸರು ಬಿದ್ದು ಸುಟ್ಟಿತು ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಎಸರು ಬಿದ್ದಿರಲಿಲ್ಲ. ಆ ಕೈಗೆ ಸೂಜಿ ಚುಚ್ಚಿದವನು ನಾನು.

ಆಗ ಕಾಲುವೆಗೆ ನೀರು ಬಂದು ಹತ್ತು ವರ್ಷವಾಗಿರಬೇಕು. ಶಹಾಪುರದಿಂದ ಸುರಪುರದ ಕಡೆಗೆ ಹೋಗುವ ರಸ್ತೆಯ ಎರಡೂ ಬದಿ, ಜೋಳ ತೊಗರಿ ಬೆಳೆಯುತ್ತಿದ್ದ ಕರಿನೆಲವೆಲ್ಲ ಗದ್ದೆಯಾಗಿತ್ತು. ಶ್ರಾವಣ ಬಂತೆಂದರೆ ಹೆಂಗಸರು ಗುಂಪು ಕಟ್ಟಿಕೊಂಡು ನಾಟಿಗೆ ಹೋಗುತ್ತಿದ್ದರು. ಹನ್ನೆರಡು ಹೆಂಗಸರ ಒಂದು ಗುಂಪಿಗೆ ನಮ್ಮ ಅಕ್ಕನೇ ಮುಂದಾಳು. ಆಕೆ ಸಾಲು ಹಿಡಿದರೆ ಉಳಿದವರು ಹಿಂದೆ ಬೀಳಬೇಕು. ಬಲಗೈಯ ಮೂರು ಬೆರಳಲ್ಲಿ ಸಸಿ ಹಿಡಿದು ಕೆಸರಿಗೆ ಒತ್ತುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟು ಚುರುಕು. ಗಂಡ ಸತ್ತ ಮೇಲೆ ಆಕೆ ಆ ಕೈಯಿಂದಲೇ ಬದುಕಿದಳು. ನನ್ನನ್ನು ಏಳನೆಯ ತರಗತಿಯವರೆಗೆ ಓದಿಸಿದ್ದೂ ಆ ಕೈಯೇ.

ನಾನು ಊರಿನ ಖಾಸಗಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಡಾಕ್ಟರು ಶಹಾಪುರದಿಂದ ಹತ್ತು ಗಂಟೆಗೆ ಬರುತ್ತಿದ್ದರು. ಅದಕ್ಕೂ ಮುಂಚಿನ ಸೂಜಿಯೆಲ್ಲ ನನ್ನ ಕೈಯಲ್ಲೇ. ನಾಟಿ ಶುರುವಾಗುವ ದಿನ ಹೆಂಗಸರೆಲ್ಲ ಬಂದು ಬಿಸಿ ಸೂಜಿ ಹಾಕಿಸಿಕೊಂಡು ಹೋಗುವ ರೂಢಿ ಬಿದ್ದಿತ್ತು. ಅದು ಕ್ಯಾಲ್ಸಿಯಂ ಔಷಧ. ನರಕ್ಕೆ ಹೋದ ಕೂಡಲೇ ಎದೆ, ಗಂಟಲು, ಕಿವಿ ಎಲ್ಲ ಬೆಚ್ಚಗಾಗುತ್ತದೆ. ಬಿಸಿ ಏರಿದರೆ ಮೈಗೆ ಶಕ್ತಿ ಬಂತು, ಸೊಂಟ ಹಿಡಿಯುವುದಿಲ್ಲ ಎಂದು ಅವರ ನಂಬಿಕೆ. ಬಿಸಿ ಏರದಿದ್ದರೆ ನೀರು ತುಂಬಿ ಚುಚ್ಚಿದ ಎಂದು ಬೈಯುತ್ತಿದ್ದರು.

ನನಗೆ ಕೆಲಸ ಕಲಿಸಿದವರು ಸರದಾರಸಾಬರು, ನನಗಿಂತ ಮೊದಲು ಅಲ್ಲಿದ್ದ ಕಂಪೌಂಡರ್. ಅವರು ಈ ಸೂಜಿಯನ್ನು ಮೊಣಕೈ ಮಡಿಕೆಯ ದೊಡ್ಡ ನರಕ್ಕೇ ಹಾಕುತ್ತಿದ್ದರು. ಚುಚ್ಚಿದ ಮೇಲೆ ಸಿರಿಂಜಿನ ಒತ್ತುಕಡ್ಡಿಯನ್ನು ಹಿಂದಕ್ಕೆ ಎಳೆದು, ಒಳಗೆ ರಕ್ತ ಬಂದದ್ದು ನೋಡಿ, ಆಮೇಲೆ ಒಂದೊಂದೇ ಹನಿ ಒತ್ತುತ್ತಿದ್ದರು. ಒಬ್ಬರಿಗೆ ಹತ್ತು ನಿಮಿಷ. ಇನ್ನೊಂದು ಕೈ ನಾಡಿಯ ಮೇಲೆ. ನಡುನಡುವೆ ಕೇಳುತ್ತಿದ್ದರು: "ಉರೀತದೇನವ್ವಾ? ಉರಿದ್ರ ಹೇಳು, ನಾಚ್ಕಿ ಮಾಡ್ಬ್ಯಾಡ." ಕಣ್ಣಿಗೆ ಪೊರೆ ಬಂದು ಅವರು ಮನೆಯಲ್ಲಿ ಕುಳಿತ ಮೇಲೆ ಆ ಕೆಲಸ ನನಗೆ ಬಂತು. ನಿಧಾನಕ್ಕೆ ಹಾಕಿದರೆ ಬಿಸಿ ಕಡಿಮೆ, ಜೋರಾಗಿ ಒತ್ತಿದರೆ ಬಿಸಿ ಹೆಚ್ಚು. ಇದು ನನಗೆ ಬೇಗ ತಿಳಿಯಿತು. ಜೋರಾಗಿ ಒತ್ತತೊಡಗಿದೆ. ಹೆಸರೂ ಬಂತು.

ಆ ದಿನ ಬೆಳಿಗ್ಗೆ ದವಾಖಾನೆಯ ಕಟ್ಟೆ ತುಂಬ ಅಕ್ಕನ ಗುಂಪು. ಹೊರಗೆ ಗದ್ದೆಯ ಮಾಲೀಕನ ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಿತ್ತು.

"ಲಗೂ ಮಾಡೋ ಯಂಕಣ್ಣ" ಎಂದಳು ಖಾಜಾಬೀ. ಆಕೆ ಗುಂಪಿನಲ್ಲಿ ಬಾಯಿ ಜೋರಿನ ಹೆಂಗಸು. "ಟ್ರ್ಯಾಕ್ಟರ್ ಹೋತಂದ್ರ ನೀನ ನಮ್ಮನ್ನ ಹೊತ್ಕೊಂಡು ಒಯ್ಯಬೇಕು ನೋಡು."

"ನಿನ್ನ ಹೊರಬೇಕಂದ್ರ ಮೊದಲು ನಾ ಎರಡು ಸೂಜಿ ಹಾಕ್ಕೋಬೇಕು."

"ಹಾಕ್ಕೋ. ಸರದಾರಸಾಬ ಕಾಕಾ ಹಾಕಿದ್ರ ಆರಿದ ಚಹಾ ಕುಡದಂಗ ಇರ್ತಿತ್ತು. ನೀ ಹಾಕಿದ್ರ ಕಿವ್ಯಾಗಿಂದ ಹೊಗಿ ಬರ್ತದ."

ಎಲ್ಲರೂ ನಕ್ಕರು. ನನಗೂ ಹಿಗ್ಗಾಯಿತು. ಹನ್ನೊಂದು ಮಂದಿಗೆ ಹಾಕಿ ಮುಗಿಸಿದೆ. ಉಳಿದವಳು ಅಕ್ಕ. ಎಲ್ಲರನ್ನೂ ಮುಂದೆ ಬಿಟ್ಟು ತಾನು ಕೊನೆಗೆ ನಿಲ್ಲುವುದು ಆಕೆಯ ಸ್ವಭಾವ.

ಆಕೆಯ ಎಡ ಮೊಣಕೈಯಲ್ಲಿ ಚುಚ್ಚಿದೆ. ನರ ಸಿಗಲಿಲ್ಲ, ಗುಳ್ಳೆ ಎದ್ದಿತು. ಬಲ ಮೊಣಕೈಯಲ್ಲಿ ನರ ಹುಡುಕಲು ಎರಡು ನಿಮಿಷ ಬೇಕಿತ್ತು. ಹೊರಗೆ ಹಾರ್ನ್ ನಿಲ್ಲುತ್ತಿರಲಿಲ್ಲ. ಬಲ ಅಂಗೈಯ ಹಿಂಬದಿ ಸಣ್ಣ ನರವೊಂದು ಕಾಣುತ್ತಿತ್ತು. ಅಲ್ಲಿ ಈ ಔಷಧ ಹಾಕಬಾರದು ಎಂದು ಸರದಾರಸಾಬರು ಹತ್ತು ಸಲ ಹೇಳಿದ್ದರು. ಅಲ್ಲೇ ಚುಚ್ಚಿದೆ. ರಕ್ತ ಬಂತೋ ಇಲ್ಲವೋ ಎಳೆದು ನೋಡಲಿಲ್ಲ. ಒತ್ತಿದೆ.

"ತಮ್ಮಾ, ಉರಿಯಾಕತ್ತದ" ಎಂದಳು ಅಕ್ಕ.

"ಬಿಸಿ ಹತ್ತಿತು ನೋಡ್ರಿ ದುರಗಮ್ಮಗ" ಎಂದಳು ಖಾಜಾಬೀ.

"ಎದಿಯಾಗ ಅಲ್ಲ, ಇಲ್ಲೇ, ಕೈಯಾಗ ಉರಿಯಾಕತ್ತದ. ಭಾಳ."

ಔಷಧ ಬಿಗಿಯಾಗಿ ಹೋಗುತ್ತಿತ್ತು. ನನ್ನ ಹೆಬ್ಬೆರಳಿಗೆ ಅದು ಗೊತ್ತಾಗುತ್ತಿತ್ತು. ಗೊತ್ತಾಗಿಯೂ ಸಿಟ್ಟು ಮಾಡಿದೆ.

"ಬಿಸಿ ಸೂಜಿ ಅಂದ್ರ ಉರಿಲಾರ್ದ ತಂಪ ಆಗ್ತದೇನು? ಹನ್ನೊಂದು ಮಂದಿ ಹಾಕ್ಸಿಕೊಂಡಾರ, ಒಬ್ರರ ಪಿಟ್ ಅಂದಾರೇನು? ಗುಂಪಿನ ಯಜಮಾನ್ತಿ ಅಂತ, ಯಜಮಾನ್ತಿ."

ಅಕ್ಕ ಬಾಯಿ ಮುಚ್ಚಿದಳು. ತುಟಿ ಕಚ್ಚಿ ಕೂತಳು. ಕಣ್ಣಲ್ಲಿ ನೀರು ಬಂದಿತ್ತು. ನಾನು ಸಿರಿಂಜ್ ಖಾಲಿಯಾಗುವವರೆಗೂ ಒತ್ತಿದೆ. ಚುಚ್ಚಿದ ಜಾಗ ಲಿಂಬೆಹಣ್ಣಿನಷ್ಟು ಊದಿತು. ಹತ್ತಿಯಿಟ್ಟು ಗಸಗಸ ತಿಕ್ಕಿದೆ. ಹೋಗು ಎಂದೆ. ಹೋದಳು. ದಿನವೆಲ್ಲ ಆ ಕೈ ಕೆಸರಿನಲ್ಲಿ ಅದ್ದಿ ನಾಟಿ ಮಾಡಿದಳು.

ಸಂಜೆಗೆ ಊತ ಮಣಿಕಟ್ಟಿಗೆ ಬಂದಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಬಟ್ಟೆ ಅದ್ದಿ ಮತ್ತೆ ತಿಕ್ಕಿದೆ. ಎರಡು ದಿನದಲ್ಲಿ ಇಳಿಯುತ್ತದೆ ಎಂದೆ. ಮೂರನೆಯ ದಿನ ಚರ್ಮ ಬೂದಿ ಬಣ್ಣಕ್ಕೆ ತಿರುಗಿತು. ಐದನೆಯ ದಿನ ನಡುವೆ ಕಪ್ಪಗಾಯಿತು, ಮುಟ್ಟಿದರೆ ತೊಗಲಿನ ಚಪ್ಪಲಿ ಮುಟ್ಟಿದಂತೆ. ನಮ್ಮ ಡಾಕ್ಟರಿಗೆ ಹೇಳಲಿಲ್ಲ. ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ ಎಂದು ಹೆದರಿಕೆ. ಅಕ್ಕನನ್ನು ಕರೆದುಕೊಂಡು ಶಹಾಪುರಕ್ಕೆ ಹೋದೆ, ಅಲ್ಲಿ ನಮ್ಮನ್ನು ಗುರುತಿಸದ ಒಬ್ಬ ಡಾಕ್ಟರ ಹತ್ತಿರ.

"ಏನಾತ್ರಿ ಕೈಗೆ?" ಎಂದು ಅವರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು, "ಎಸರು ಉಕ್ಕಿ ಬಿತ್ರಿ. ಅಡಗಿ ಮಾಡಾಗ."

ಆಕೆ ನನ್ನ ಮುಖ ನೋಡಲಿಲ್ಲ. ದಾರಿಯಲ್ಲೂ ನಾವು ಅದರ ಮಾತಾಡಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಸುಳ್ಳ್ರೀ, ಸೂಜಿಯಿಂದ ಆದದ್ದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಡಾಕ್ಟರು ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ವಾರ ಬಿಟ್ಟು ಬನ್ನಿ ಎಂದರು.

ಬಸ್ಸಿನಲ್ಲಿ ಅಕ್ಕ ಹೇಳಿದಳು, "ನಿನ್ನ ಹೆಸರು ಯಾಕ ಹೇಳ್ಲಿ? ನೀ ಬೇಕಂತ ಮಾಡಿದ್ದೇನು? ಸೂಜಿ ನನ್ನ ಮೈಗಿ ಹಿಡಿಲಿಲ್ಲ, ಅಷ್ಟ."

ಆ ವಾರದಲ್ಲಿ ಪಟ್ಟಿಯ ಒಳಗೆ ಕೀವು ತುಂಬಿತು. ಸೂಜಿ ಹಾಕಿದ ಎಂಟನೆಯ ದಿನ ಜ್ವರ ಏರಿ ಅಕ್ಕ ಏನೇನೋ ಬಡಬಡಿಸತೊಡಗಿದಳು. ಜೀಪು ಮಾಡಿಕೊಂಡು ಗುಲಬರ್ಗಾದ ದೊಡ್ಡ ದವಾಖಾನೆಗೆ ಒಯ್ದೆವು. ಅಲ್ಲಿ ಒಬ್ಬ ಹೆಣ್ಣು ಡಾಕ್ಟರು ಪಟ್ಟಿ ಬಿಚ್ಚಿದರು. ಬಿಚ್ಚಿ, ಮೂಗು ಮುಚ್ಚಿಕೊಳ್ಳದೆ, ಬಹಳ ಹೊತ್ತು ನೋಡಿದರು.

"ಬಿಸಿನೀರು ಬಿದ್ದ ಕೈ ಹೀಗಿರುವುದಿಲ್ಲ" ಎಂದರು. "ನೀರು ಹರಿದು ಬೆರಳೆಲ್ಲ ಸುಡಬೇಕು. ಇಲ್ಲಿ ಸಣ್ಣ ಬಟ್ಟಲಿನಷ್ಟು ಜಾಗ ಮಾತ್ರ ಸತ್ತಿದೆ, ಅದೂ ಒಳಗಿನಿಂದ. ನಿಜ ಹೇಳಿ."

"ಎಸರ ಬಿದ್ದದ್ರಿ" ಎಂದಳು ಅಕ್ಕ, ಜ್ವರದಲ್ಲೇ.

"ಸೂಜಿ ಹಾಕಿದ್ದೆ" ಎಂದೆ ನಾನು. "ಕ್ಯಾಲ್ಸಿಯಂ. ನಾನ ಹಾಕಿದ್ದೆ."

ಡಾಕ್ಟರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪೊಲೀಸರಿಗೂ ಹೇಳಲಿಲ್ಲ. ಹೊರಗೆ ಕರೆದು ಒಂದೊಂದೇ ಕೇಳಿದರು.

"ರಕ್ತ ಹಿಂದಕ್ಕೆ ಬಂತೇ, ನೋಡಿದಿರಾ?"

"ಇಲ್ರಿ."

"ಎಷ್ಟು ಹೊತ್ತಿನಲ್ಲಿ ಹಾಕಿದಿರಿ?"

"ಒಂದು ನಿಮಿಷನೂ ಆಗಿಲ್ರಿ."

"ಅಷ್ಟು ಜೋರಾಗಿ ಹಾಕಿದರೆ ಹೃದಯವೇ ನಿಲ್ಲಬಹುದು, ಗೊತ್ತೇ? ಸುಸ್ತಿಗೆ ಈ ಔಷಧ ಕೊಡಿ ಅಂತ ಯಾರು ಹೇಳಿದರು?"

"ಯಾರೂ ಹೇಳಿಲ್ರಿ. ರೂಢಿ ಬಿದ್ದಿತ್ರಿ."

"ಹಾಕುವಾಗ ಅವರು ಉರಿಯುತ್ತದೆ ಎಂದರೇ?"

"ಅಂದಳ್ರಿ."

"ನೀವೇನು ಮಾಡಿದಿರಿ?"

"ಬೈದೆ."

ಅವರು ಹೇಳಿದರು: "ಔಷಧ ನರದೊಳಗೆ ಹೋಗಿಲ್ಲ. ಹೊರಗೆ ಮಾಂಸಕ್ಕೆ ಹೋಗಿದೆ. ಚುಚ್ಚಿದ ಜಾಗದಲ್ಲೇ ಉರಿ ಅಂದರೆ, ಊದಿದರೆ, ಬಿಗಿ ಅನಿಸಿದರೆ, ಅಲ್ಲೇ ನಿಲ್ಲಿಸಬೇಕು. ಒಳಗೆ ಹೋದದ್ದನ್ನು ಅದೇ ಸೂಜಿಯಿಂದ ಆದಷ್ಟು ಹಿಂದಕ್ಕೆ ಎಳೆದು, ಕೈ ಎತ್ತಿ ಇಟ್ಟು, ತಕ್ಷಣ ಇಲ್ಲಿಗೆ ತರಬೇಕಿತ್ತು. ತಿಕ್ಕಬಾರದಿತ್ತು. ಆ ದಿನವೇ ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಶಹಾಪುರದಲ್ಲಿ ನಿಜ ಹೇಳಿದ್ದರೂ ಬೆರಳು ಉಳಿಯುತ್ತಿದ್ದವೇನೋ."

ಸತ್ತ ಚರ್ಮ, ಮಾಂಸ ಕತ್ತರಿಸಿ ತೆಗೆದರು. ಬೆರಳು ಮೇಲೆತ್ತುವ ಒಳಗಿನ ಎಳೆಗಳು ಹಗ್ಗದಂತಿರುತ್ತವಂತೆ. ಅವುಗಳಲ್ಲಿ ಮೂರು ಕೊಳೆತು ಹೋಗಿದ್ದವು. ತೊಡೆಯ ಚರ್ಮ ತೆಗೆದು ಅಂಗೈಯ ಹಿಂಬದಿಗೆ ಹೊಲಿದರು. ಒಂದೂವರೆ ತಿಂಗಳು ಅಲ್ಲಿದ್ದೆವು. ಕೈ ಉಳಿಯಿತು. ಮೂರು ಬೆರಳು ಕೆಳಗೆ ಜೋತುಬಿದ್ದು ಹಾಗೆಯೇ ನಿಂತವು. ರೊಟ್ಟಿ ಬಡಿಯಲು ಬರುವುದಿಲ್ಲ. ಸಸಿ ಹಿಡಿಯಲು ಬರುವುದಿಲ್ಲ. ಬಳೆ ಏರಿಸುವಾಗ ಬೇರೆಯವರು ಬೆರಳು ಎತ್ತಿ ಹಿಡಿಯಬೇಕು.

ಊರಿಗೆ ಬಂದು ಕಂಪೌಂಡರ್ ಕೆಲಸ ಬಿಟ್ಟೆ. ಅಕ್ಕ ಮಾತ್ರ ಕೇಳಿದವರಿಗೆಲ್ಲ ಎಸರಿನ ಕಥೆ ಹೇಳುತ್ತಲೇ ಇದ್ದಳು. ಒಲೆ ಯಾವ ಕಡೆ ಇತ್ತು, ಗಡಿಗೆ ಹೇಗೆ ವಾಲಿತು ಎಲ್ಲ ಸೇರಿಸಿ ಹೇಳುತ್ತಿದ್ದಳು. ನಾನು ಅಲ್ಲೇ ಇದ್ದರೆ ಇನ್ನೂ ಬಣ್ಣ ಹಚ್ಚುತ್ತಿದ್ದಳು.

ಮರುವರ್ಷ ನಾಟಿ ಬಂತು. ಖಾಜಾಬೀ ಗುಂಪಿನ ಮುಂದಾಳಾದಳು. ಬಿಸಿ ಸೂಜಿಗೆ ಅವರೆಲ್ಲ ಕಾಲುವೆಯ ಆಚೆ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನಲ್ಲಿ ಸೂಜಿ ಹಾಕುವವನೊಬ್ಬನ ಹತ್ತಿರ ಹೋಗುತ್ತಾರೆಂದು ತಿಳಿದು, ನಾನು ಗದ್ದೆಯ ಬದುವಿಗೆ ಹೋಗಿ ನಿಂತು ಇದ್ದದ್ದು ಇದ್ದಂತೆ ಹೇಳಿದೆ. ಅವರು ನಾಟಿ ನಿಲ್ಲಿಸಿ ಕೇಳಿದರು.

"ಹೋಗೋ ಮಾರಾಯಾ" ಎಂದಳು ಖಾಜಾಬೀ. "ನಿಮ್ಮಕ್ಕ ಎಸರಂತಾಳ, ನೀ ಸೂಜಿ ಅಂತಿ. ಕೆಲಸ ಹೋದ ಸಿಟ್ಟಿಗಿ ಹಿಂಗ ಹೇಳಾಕತ್ತಿದಿ. ನಮಗ ಹಾಕಿದಿ, ನಮಗೇನಾತು?"

ಉಳಿದವರು ಮತ್ತೆ ಬಗ್ಗಿದರು. ನಾನು ವಾಪಸ್ಸು ಬಂದೆ.

ಮನೆಯ ಕಟ್ಟೆಯ ಮೇಲೆ ಅಕ್ಕ ಕುಳಿತಿದ್ದಳು. ನಾನು ಬದುವಿಗೆ ಹೋದದ್ದು ಆಗಲೇ ಕಿವಿಗೆ ಬಿದ್ದಿತ್ತು. ಸಿಟ್ಟು ಮಾಡುತ್ತಾಳೆ ಅಂದುಕೊಂಡೆ. ಮಾಡಲಿಲ್ಲ. ಕುಬಸದ ತೋಳು ಮೇಲೇರಿಸಿ ಎಡಗೈ ನನ್ನ ಮುಂದೆ ಚಾಚಿದಳು.

"ತಮ್ಮಾ, ಈ ಕೈಗಿ ಒಂದು ಬಿಸಿ ಸೂಜಿ ಹಾಕು. ಶಕ್ತಿ ಬಂದ್ರ ಎಡಗೈಲೇ ನಾಟಿ ಕಲೀತೀನಿ. ಕ್ಯಾಂಪಿನವನ ಕಡಿ ನಾ ಹೋಗಂಗಿಲ್ಲ. ನೀನ ಹಾಕು."

ಪಕ್ಕದಲ್ಲಿ ಕುಳಿತೆ.

"ಅಕ್ಕಾ, ಆ ಸೂಜಿಲೇ ಶಕ್ತಿ ಬರಂಗಿಲ್ಲ. ಸೂಜಿ ನಿನ್ನ ಮೈಗಿ ಹಿಡಿಲಿಲ್ಲ ಅಂತ ತಿಳಕೊಂಡಿ ಅಲ್ಲ, ಅದೂ ಸುಳ್ಳು." ಡಾಕ್ಟರು ನನಗೆ ಹೇಳಿದ್ದನ್ನೆಲ್ಲ ಆಕೆಗೆ ಹೇಳಿದೆ. ಸಣ್ಣ ನರ, ಎಳೆದು ನೋಡದ ರಕ್ತ, ಮಾಂಸಕ್ಕೆ ಹೋದ ಔಷಧ, ತಿಕ್ಕಿದ್ದು. ಒಂದನ್ನೂ ಬಿಡಲಿಲ್ಲ. ಒಂದು ವರ್ಷ ಆಕೆಗೆ ಇದನ್ನು ಯಾರೂ ಹೇಳಿರಲಿಲ್ಲ. ಡಾಕ್ಟರು ಹೇಳಿದ್ದು ನನಗೆ ಮಾತ್ರ. ನಾನು ನುಂಗಿಕೊಂಡಿದ್ದೆ.

ಅಕ್ಕ ಬಲಗೈಯ ಜೋತುಬಿದ್ದ ಬೆರಳುಗಳನ್ನು ಎಡಗೈಯಿಂದ ಎತ್ತಿ ನೋಡಿದಳು. ಆಮೇಲೆ ಕೇಳಿದಳು:

"ಅಂದ್ರ, ಉರಿಯಾಕತ್ತದ ಅಂತ ನಾ ಅಂದಾಗ, ಅದು ಖರೇ ಇತ್ತೇನು?"

"ಖರೇ ಇತ್ತಕ್ಕಾ."

"ಅವಾಗ ನಿಲ್ಲಿಸಿದ್ರ ಕೈ ಉಳೀತಿತ್ತು?"

"ಉಳೀತಿತ್ತು."

"ನಿನಗ ಗೊತ್ತಿತ್ತು?"

ಇಲ್ಲ ಎನ್ನಬಹುದಿತ್ತು. ಹೂಂ ಎಂದೆ.

ಆಕೆ ಕುಬಸದ ತೋಳನ್ನು ಕೆಳಗಿಳಿಸಿಕೊಂಡಳು. ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ.

ಅವತ್ತಿನಿಂದ ಅಕ್ಕ ಎಸರಿನ ಕಥೆಯನ್ನು ಯಾರಿಗೂ ಹೇಳಿಲ್ಲ. ಯಾರಾದರೂ ಕೈಗೇನಾತು ಎಂದರೆ ನನ್ನ ಕಡೆ ನೋಡುತ್ತಾಳೆ. ನಾನು ಹೇಳುತ್ತೇನೆ. ಹೇಳಿ ಮುಗಿಸುವವರೆಗೆ ಆಕೆ ಬೇರೆ ಎಲ್ಲೋ ನೋಡುತ್ತ ಕುಳಿತಿರುತ್ತಾಳೆ. ಊಟಕ್ಕೆ ಕರೆಯುತ್ತಾಳೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾಳೆ. ತಮ್ಮಾ ಅನ್ನುವುದನ್ನು ಮಾತ್ರ ಬಿಟ್ಟಿದ್ದಾಳೆ. ಈಗ ಯಂಕಣ್ಣ ಎನ್ನುತ್ತಾಳೆ, ಊರವರೆಲ್ಲ ಕರೆಯುವ ಹಾಗೆ.