ನಮೂನೆಯ ಕಂಬಳಿ

ಹಡಗಲಿಯ ಬ್ಲಾಕ್ ಆಫೀಸಿನಲ್ಲಿ ಸಣ್ಣ ಕೈಗಾರಿಕೆಗಳನ್ನು ನೋಡಿಕೊಳ್ಳುತ್ತಿದ್ದ ನಾಗೇಂದ್ರಪ್ಪ ಆ ಬುಧವಾರ ಹಿರೇಹಡಗಲಿಯಲ್ಲಿ ಬಸ್ಸಿಳಿದಾಗ ಅವನ ಚೀಲದಲ್ಲಿ ಒಂದು ಟೆಂಡರ್ ಫಾರಂ ಇತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರಿನ ಸರ್ಕಾರಿ ಹಾಸ್ಟೆಲುಗಳಿಗೆ ಮುನ್ನೂರು ಕಂಬಳಿ ಬೇಕಾಗಿತ್ತು. ಬೆಲೆ ಬರೆದ ಲಕೋಟೆಯ ಜೊತೆಗೆ ನಮೂನೆಯ ಕಂಬಳಿಯೊಂದನ್ನು ಸೋಮವಾರದೊಳಗೆ ಬಳ್ಳಾರಿಗೆ ಮುಟ್ಟಿಸಬೇಕಿತ್ತು.

ನೇಕಾರರ ಸಂಘದ ಖೋಲಿಯಲ್ಲಿ ಹನ್ನೆರಡು ಮಗ್ಗದವರೂ ಸೇರಿದ್ದರು. ನಮೂನೆ ಯಾವುದೆಂದು ಆಗಲೇ ತೀರ್ಮಾನವಾಗಿಬಿಟ್ಟಿತ್ತು. ಅವರಲ್ಲೇ ಹಿರಿಯನಾದ ಮೈಲಾರಲಿಂಗಪ್ಪನ ಕರಿ ಕಂಬಳಿಯ ನಾಲ್ಕು ಮೂಲೆ ಹಿಡಿದೆತ್ತಿ, ನಡುವೆ ಒಂದು ತಂಬಿಗೆ ನೀರು ಸುರಿದು ನಿಂತಿದ್ದರು. ನೀರು ಅಲ್ಲಿಯೇ ತುಳುಕುತ್ತಿತ್ತು. ಕೆಳಗೆ ಒಂದು ಹನಿ ಇಳಿದಿರಲಿಲ್ಲ.

“ನೋಡ್ರಿ ಸಾಹೇಬ್ರ, ಮೈಲಾರಜ್ಜನ ಕೈ ಅಂದ್ರ ಇದು. ಬಳ್ಳಾರಿಯವ್ರು ಮೂಗಿನ ಮ್ಯಾಲ ಬೆರಳಿಟ್ಕೋಬೇಕು,” ಎಂದ ಪಕ್ಕೀರಪ್ಪ. ಅವನೂ ಸಂಘದ ನೇಕಾರನೇ.

ನಾಗೇಂದ್ರಪ್ಪನಿಗೆ ಕಸಿವಿಸಿಯಾಯಿತು. ಎರಡು ವರ್ಷದ ಹಿಂದೆ ಇದೇ ಅಜ್ಜನ ಇಂಥದೇ ಕಂಬಳಿಯನ್ನು ಹೆಮ್ಮೆಯಿಂದ ಬಳ್ಳಾರಿಗೆ ಒಯ್ದವನು ಅವನೇ. ಟೆಂಡರೇನೋ ಸಿಕ್ಕಿತ್ತು. ಆದರೆ ಉಗ್ರಾಣದವರು ಆ ನಮೂನೆಗೆ ಅರಗಿನ ಮುದ್ರೆ ಒತ್ತಿ ಇಟ್ಟುಕೊಂಡರು. ಆಮೇಲೆ ಹೋದ ನೂರಿಪ್ಪತ್ತು ಕಂಬಳಿಗಳನ್ನು ಒಂದೊಂದಾಗಿ ಅದರ ಪಕ್ಕದಲ್ಲಿ ಹಾಸಿ ನೋಡಿ, ಅದರ ಹದಕ್ಕೆ ಬಂದಿಲ್ಲವೆಂದು ಎಪ್ಪತ್ತೊಂದನ್ನು ವಾಪಸು ಕಳಿಸಿದರು. ಇನ್ನೊಮ್ಮೆ ಹೀಗಾದರೆ ಸಂಘದ ಹೆಸರನ್ನೇ ಪಟ್ಟಿಯಿಂದ ತೆಗೆಯಲಾಗುವುದೆಂದು ಕಾಗದವೂ ಬಂದಿತ್ತು.

“ಅಜ್ಜಾ, ಇದಕ್ಕ ಎಷ್ಟು ದಿನ ಹಿಡೀತು?”

ಅಜ್ಜನ ಹೆಂಡತಿ ಹುಲುಗಮ್ಮ ಬಾಗಿಲಲ್ಲಿ ನಿಂತು ಹೇಳಿದಳು: “ಕುರಿಮರಿ ಉಣ್ಣಿ ಆರಿಸಿ ನೂಲಾಕ ನನಗ ಹದಿನೈದು ದಿನ. ನೇಯಾಕ ಅವ್ರಿಗೆ ಆರು ದಿನ. ಆ ಆರು ದಿನ ಮನ್ಯಾಗ ಯಾರೂ ಕೆಮ್ಮಂಗಿಲ್ಲ.”

ಎಲ್ಲರೂ ನಕ್ಕರು.

“ಇಂಥಾದ್ದು ನೇಯೋರು ನಿಮ್ಮೊಳಗ ಇನ್ನ ಎಷ್ಟು ಮಂದಿ ಅದೀರಿ?”

ನಗು ನಿಂತಿತು. ಮೂಲೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹಂಗಾದ್ರ ಪಕ್ಕೀರಪ್ಪಂದು ಒಂದು ತರ್ರಿ, ನೋಡೂಣು,” ಎಂದ ನಾಗೇಂದ್ರಪ್ಪ.

“ಲೇ ಪಕ್ಕೀರ, ನಿನ್ನ ಕಂಬಳಿ ಹೊದ್ಕೊಂಡು ಮಕ್ಕೊಂಡ್ರ ಚುಕ್ಕಿ ಎಣಿಸಬೌದಲ್ಲೋ!” ಎಂದು ಯಾರೋ ಹಿಂದಿನಿಂದ ಕೂಗಿದರು.

ಅದು ನಾಗೇಂದ್ರಪ್ಪನಿಗೂ ಗೊತ್ತಿತ್ತು. ಪಕ್ಕೀರಪ್ಪನ ಕಂಬಳಿ ಒಯ್ದರೆ ಟೆಂಡರ್ ಸಿಗುವುದಿಲ್ಲ. ಅಜ್ಜನದು ಒಯ್ದರೆ ಸಿಗುತ್ತದೆ, ಉಳಿಯುವುದಿಲ್ಲ.

“ಅಜ್ಜಾ, ನೀವ ಒಂದು ನೇದು ಕೊಡ್ರಿ. ಹನ್ನೆರಡೂ ಮಂದಿಗೆ ನೇಯಾಕ ಬರೂವಂಥಾದ್ದು.”

“ಕೆಟ್ಟದ್ದು ನೇಯಿ ಅಂತೀರಿ.”

“ಕೆಟ್ಟದ್ದಲ್ಲಜ್ಜಾ. ಎಲ್ಲಾರ ಕೈಗೆ ಸಿಗೂವಂಥಾದ್ದು.”

“ನನ್ನ ಕೈ ಹಂಗ ಮಾತು ಕೇಳಂಗಿಲ್ರಿ,” ಎಂದವನೇ ಮೈಲಾರಲಿಂಗಪ್ಪ ನೀರು ಚೆಲ್ಲಿ, ಒದ್ದೆ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಭಾನುವಾರ ನಾಗೇಂದ್ರಪ್ಪ ಮತ್ತೆ ಬಂದ. ನಮೂನೆ ಸಿಗುತ್ತದೆಂಬ ನಂಬಿಕೆ ಅವನಿಗಿರಲಿಲ್ಲ. ಅಜ್ಜನ ಮನೆಯಲ್ಲಿ ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯ ವಾಸನೆ ತುಂಬಿತ್ತು. ಮಗ್ಗದ ಕುಣಿಯಲ್ಲಿ ಕೂತಿದ್ದವನು ಮಾತ್ರ ಅಜ್ಜನಲ್ಲ, ಬೆವರಿಳಿಸುತ್ತಿದ್ದ ಪಕ್ಕೀರಪ್ಪ. ಅಜ್ಜ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತು ಅವನ ಕೈಯನ್ನೇ ನೋಡುತ್ತಿದ್ದ.

“ಎರಡು ಸಲ ತಾವ ಕುಂತ್ರು,” ಎಂದಳು ಹುಲುಗಮ್ಮ, ಮೂಲೆಯಲ್ಲಿದ್ದ ಎರಡು ಗೇಣುದ್ದದ ತುಂಡುಗಳನ್ನು ತೋರಿಸಿ. “ಎರಡು ಸಲಾನೂ ಕೈ ತನ್ನ ಹಾದಿನ ಹಿಡೀತು. ಕೊಯ್ದು ಒಗೆದ್ರು. ಆಮ್ಯಾಲ ಇವನ್ನ ಎಳ್ಕೊಂಡು ಬಂದ್ರು.”

“ನೇಯ್ಗಿ ಬಿಗಿ ಆಗಾಕ ನಾನು ಒಂದೊಂದು ಎಳಿಗೆ ಮೂರು ಪೆಟ್ಟು ಹೊಡೀತೀನಿ,” ಎಂದ ಅಜ್ಜ. “ಇವ ಒಂದು ಹೊಡೀತಿದ್ದ, ಮೈಗಳ್ಳ. ಎರಡು ಯಾರು ಬೇಕಾದ್ರೂ ಹೊಡೀಬೌದು.”

“ಮೂರು ದಿನ ಆತ್ರಿ ಸಾಹೇಬ್ರ, ಕನಸಿನಾಗೂ ಎರಡೆರಡ ಹೊಡ್ಯಾಕ ಹತ್ತೀನಿ,” ಎಂದ ಪಕ್ಕೀರಪ್ಪ.

ಸಂಜೆಗೆ ಕಂಬಳಿ ಮಗ್ಗದಿಂದ ಇಳಿಯಿತು. ಮೂಲೆ ಹಿಡಿದು ನೀರು ಸುರಿದರು. ನೀರು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅಡಿಯಲ್ಲಿ ಒಂದು ಹನಿ ಕೂಡಿಕೊಂಡು, ಜೋತಾಡಿ, ನೆಲಕ್ಕೆ ಬಿತ್ತು. ಪಕ್ಕೀರಪ್ಪ ತಲೆ ತಗ್ಗಿಸಿದ.

ಅಜ್ಜ ನೆಲದ ಮೇಲಿನ ಆ ಹಸಿ ಕಲೆಯನ್ನು ಬಗ್ಗಿ ನೋಡಿದ.

“ಕುರಿ ಕಾಯೋನಿಗೆ ಇದು ಸಾಲಂಗಿಲ್ಲ,” ಎಂದ. “ಆ ಹುಡುಗ್ರು ಸೂರಿನ ಕೆಳಗ ಮಕ್ಕೋತಾವ. ಅವಕ್ಕ ಮಳಿ ಇಲ್ಲ, ಥಂಡಿ ಐತಿ. ಒಣಗಿಸಿ ಒಯ್ರಿ.”

ಟೆಂಡರ್ ಸಿಕ್ಕಿತು. ಚಳಿ ಬೀಳುವ ಹೊತ್ತಿಗೆ ಮುನ್ನೂರು ಕಂಬಳಿಗಳೂ ಬಳ್ಳಾರಿಯ ಉಗ್ರಾಣ ಸೇರಿದವು. ತಪಾಸಣೆಯ ದಿನ ನಾಗೇಂದ್ರಪ್ಪನ ಜೊತೆ ಅಜ್ಜ, ಪಕ್ಕೀರಪ್ಪ ಇಬ್ಬರೂ ಬಂದಿದ್ದರು. ಉಗ್ರಾಣದ ಗುಮಾಸ್ತ ಮುದ್ರೆಯ ನಮೂನೆಯನ್ನು ಮೇಜಿನ ಮೇಲೆ ಹಾಸಿಕೊಂಡು, ಒಂದೊಂದೇ ಕಂಬಳಿಯನ್ನು ಅದರ ಪಕ್ಕಕ್ಕಿಟ್ಟು, ತಿರುವಿ, ಬದಿಗೆ ಹಾಕುತ್ತಿದ್ದ. ಮಧ್ಯಾಹ್ನದವರೆಗೂ ಒಂದೂ ಹಿಂದಕ್ಕೆ ಬರಲಿಲ್ಲ. ಆಮೇಲೆ ಅವನ ಕೈ ನಿಂತಿತು.

“ಇದು ನಮೂನೆಗೆ ಹೊಂದಾಣಿಕೆ ಆಗ್ತಿಲ್ಲ. ಯಾರದು?”

ತನ್ನದೇನೋ ಎಂದು ಪಕ್ಕೀರಪ್ಪ ಕತ್ತು ಚಾಚಿ ನೋಡಿದ. ಮೈಲಾರಲಿಂಗಪ್ಪ ಮುಂದೆ ಬಾಗಿ ಅದರ ಅಂಚನ್ನು ಮುಟ್ಟಿ ನೋಡಿದ. ಎಳೆಗೆ ಮೂರು ಪೆಟ್ಟು ಬಿದ್ದಿತ್ತು.

“ನಂದ್ರಿ,” ಎಂದ ತಗ್ಗಿದ ದನಿಯಲ್ಲಿ. “ವಯಸ್ಸಾತು. ಒಮ್ಮೊಮ್ಮಿ ಕೈ ತಪ್ಪತೈತಿ.”

ಗುಮಾಸ್ತ ಅದನ್ನು ಬೆರಳ ನಡುವೆ ಉಜ್ಜಿದ. ಬೆಳಕಿಗೆ ಹಿಡಿದ. ಅಜ್ಜನ ಮುಖ ನೋಡಿದ. ನಂತರ ಅದನ್ನು ಪಾಸಾದ ರಾಶಿಯ ಮೇಲಿಟ್ಟು, ಮುಂದಿನದಕ್ಕೆ ಕೈ ಹಾಕಿದ.

ಪಕ್ಕೀರಪ್ಪ ನಗು ತಡೆಯಲಾರದೆ ಹೊರಗೆ ಓಡಿದ. ಅಜ್ಜ ಮಾತ್ರ ಆ ರಾಶಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಅದು ಯಾವೂರಿಗೆ ಹೋಗತೈತ್ರಿ?” ಎಂದು ಕೇಳಿದ.

“ಈ ರಾಶಿ ಕೊಟ್ಟೂರಿಗೆ,” ಎಂದ ಗುಮಾಸ್ತ.

“ಅಲ್ಲಿ ಒಬ್ಬ ಹುಡುಗಗ ಸೂರು ಸೋರಿದ್ರೂ ನಡೀತೈತಿ,” ಎಂದು ಅಜ್ಜ ತಲೆಯಾಡಿಸಿ, ನಿಂತಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದ.